ಬಲಬದಿಯ ಕನ್ನಡ: ಉನ್ನತ ಇಂಗ್ಲಿಷ್ ಪದಪಟ್ಟಿಗಳಲ್ಲಿ ‘ಅರ್ಥ’ವೆಂಬುದರ ವಿಮರ್ಶೆ

ಪದವಿ ತರಗತಿಗಳಿಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಸಿದ್ಧಪಡಿಸಿದ ಇಂಗ್ಲಿಷ್ ಕೈಪಿಡಿಗಳಲ್ಲಿ ಪದಪಟ್ಟಿಯ ಭಾಗವೊಂದು ತಪ್ಪದೆ ಇರುತ್ತದೆ. ಎಡಬದಿಯಲ್ಲಿ ‘ಕಠಿಣ’ ಇಂಗ್ಲಿಷ್ ಪದ, ಬಲಬದಿಯಲ್ಲಿ ಅದರ ಕನ್ನಡ ‘ಅರ್ಥ’. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಉನ್ನತ ಇಂಗ್ಲಿಷ್ ಪದಸಂಪತ್ತನ್ನು ಮೊದಲು ಎದುರಾಗುವುದು ಹೆಚ್ಚಾಗಿ ಈ ಪಟ್ಟಿಯಲ್ಲೇ. ಆದರೂ ಭಾಷಾವಿಜ್ಞಾನದ ಬರವಣಿಗೆ ಇದನ್ನು ಗಂಭೀರವಾಗಿ ಪರಿಗಣಿಸಿರುವುದು ಕಡಿಮೆ. ಮಾರುಕಟ್ಟೆಯ ಸರಕೆಂದು ನಾವು ಅದನ್ನು ಬದಿಗಿಡುತ್ತೇವೆ; ಇಲ್ಲವೇ ಮಾತೃಭಾಷೆಯ ಮೂಲಕ ಇಂಗ್ಲಿಷ್ ಕಲಿಸುವುದೇ ತಪ್ಪೆಂದು ತಳ್ಳಿಹಾಕುತ್ತೇವೆ. ಈ ಎರಡೂ ನಿಲುವುಗಳು ಪಟ್ಟಿಯನ್ನು ಓದದೆ ತಳೆದವು. ಪಟ್ಟಿಯ ದೋಷವಿರುವುದು ಕನ್ನಡದ ಬಳಕೆಯಲ್ಲಲ್ಲ, ಬಳಸಿದ ಕನ್ನಡದಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿ ವಿಮರ್ಶೆಗೆ ಒಳಗಾಗುವುದು ಒಂದು ಪುಸ್ತಕವಲ್ಲ, ಒಂದು ಪ್ರಕಾರ.

ಮೊದಲು ಪಟ್ಟಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಬೇಕು. ಸಾಮಾನ್ಯ ಓದುಗರಿಗಾಗಿ ಬರೆದ ಇಂಗ್ಲಿಷ್ ಬರಹದ ಶೇ. 98ರಷ್ಟು ಪದಗಳು ಪರಿಚಿತವಾಗಿರಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳ ಅರಿವು ಬೇಕೆಂದು ಪಾಲ್ ನೇಷನ್ 2006ರಲ್ಲಿ ಅಂದಾಜಿಸಿದರು. ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ರೂಪಿಸಿದ ಶೈಕ್ಷಣಿಕ ಪದಪಟ್ಟಿಯೊಂದರಲ್ಲೇ 570 ಪದಕುಟುಂಬಗಳಿವೆ. ಮನೆಯಲ್ಲಿ ಇಂಗ್ಲಿಷ್ ಕೇಳದ, ಇಂಗ್ಲಿಷ್ ಪುಸ್ತಕಗಳ ನಡುವೆ ಬೆಳೆಯದ ವಿದ್ಯಾರ್ಥಿಗೆ ಇಷ್ಟು ಪದಗಳು ಓದಿನಿಂದಷ್ಟೇ ತಾವಾಗಿ ಒಲಿಯುತ್ತವೆ ಎಂಬುದು ದೂರದ ಮಾತು. ಉದ್ದೇಶಪೂರ್ವಕವಾಗಿ ಪದಗಳನ್ನು ಕಲಿಯುವುದು ಅಲ್ಲಿ ಅನಿವಾರ್ಯ. ಹಾಗೆ ಕಲಿತದ್ದು ಬರಿಯ ಬಾಯಿಪಾಠವಾಗಿ ಉಳಿಯದೆ ಸಹಜ ಬಳಕೆಯ ಜ್ಞಾನವಾಗಿ ಮಾರ್ಪಡಬಲ್ಲದೆಂದು ಐರಿನಾ ಎಲ್ಗಾರ್ಟ್ 2011ರ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಮೊದಲ ಹಂತದಲ್ಲಿ ಮಾತೃಭಾಷೆಯ ಪದವು ಊರುಗೋಲಾಗುತ್ತದೆ ಎಂಬುದನ್ನು ಕ್ರೋಲ್ ಮತ್ತು ಸ್ಟೂವರ್ಟ್ 1994ರಲ್ಲಿ ಮಂಡಿಸಿದ ಮಾದರಿಯೂ ಒಪ್ಪುತ್ತದೆ. ಆದ್ದರಿಂದ ಕನ್ನಡವನ್ನು ತರಗತಿಯಿಂದ ಹೊರಗಿಡಬೇಕೆನ್ನುವವರ ವಾದಕ್ಕೆ ಇಲ್ಲಿ ಬೆಂಬಲವಿಲ್ಲ.

ಆದರೆ ಊರುಗೋಲು ಕೈಗೆ ಎಟುಕುವಂತಿರಬೇಕು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರದಲ್ಲಿ ಕೆಲವು ಪದವಿ ವಿದ್ಯಾರ್ಥಿಗಳೊಡನೆ ಕುಳಿತು ಅವರ ಪದಪಟ್ಟಿಗಳನ್ನು ಓದುವ ಅವಕಾಶ ಈ ಲೇಖಕನಿಗೆ ದೊರೆಯಿತು. ಇದು ಸಮೀಕ್ಷೆಯಲ್ಲ, ಇಲ್ಲಿ ಅಂಕಿಅಂಶಗಳಿಲ್ಲ. ‘ಡೆಸಿಕೇಟ್’ ಎಂಬ ಪದದೆದುರು ‘ಶುಷ್ಕಗೊಳಿಸು’ ಎಂದಿತ್ತು. ಅದನ್ನು ತಪ್ಪಿಲ್ಲದೆ ಒಪ್ಪಿಸಿದ ವಿದ್ಯಾರ್ಥಿನಿಯನ್ನು ‘ಶುಷ್ಕ’ ಎಂದರೇನೆಂದು ಕೇಳಿದಾಗ, “ಅದೂ ಕಷ್ಟದ ಪದವೇ ಸಾರ್” ಎಂದಳು. ಅವಳ ಮನೆಯ ಅಟ್ಟದಲ್ಲಿ ಕೊಬ್ಬರಿಗೆಂದು ಕಾಯಿ ತುಂಬಿದೆ. ತಿಪಟೂರು ಸೀಮೆಯ ಕಾರ್ಖಾನೆಗಳಲ್ಲಿ ಹಸಿ ಕಾಯಿಯ ತಿರುಳನ್ನು ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ, ಪುಡಿಯಾಗಿ ಹೊರಗೆ ಕಳಿಸುವುದನ್ನು ಅವಳು ಬಲ್ಲಳು. ಆ ಪುಡಿಯ ಇಂಗ್ಲಿಷ್ ಹೆಸರು ‘ಡೆಸಿಕೇಟೆಡ್ ಕೋಕೊನಟ್’. ಪದವೂ ವಸ್ತುವೂ ಅವಳ ಊರಿನ ಸುತ್ತಲೇ ಇದ್ದವು. ಅವೆರಡರ ನಡುವೆ ನಿಂತದ್ದು ‘ಅರ್ಥ’.

ಪಟ್ಟಿಯ ಬಲಬದಿಯಲ್ಲಿರುವುದು ಅರ್ಥವಲ್ಲ, ಇನ್ನೊಂದು ಪದ. ಆ ಪದವೂ ಅಪರಿಚಿತವಾಗಿದ್ದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೂಡುವುದು ಎರಡು ಧ್ವನಿರೂಪಗಳು ಮಾತ್ರ. ಎರಡನೆಯ ಭಾಷೆಯ ಪದವು ಆರಂಭದಲ್ಲಿ ಮೊದಲ ಭಾಷೆಯ ಪದದ ಅರ್ಥವನ್ನೂ ವ್ಯಾಕರಣ ಗುಣಗಳನ್ನೂ ಎರವಲು ಪಡೆಯುತ್ತದೆ, ಎಷ್ಟೋ ಪದಗಳು ಆ ಹಂತದಲ್ಲೇ ನಿಂತುಬಿಡುತ್ತವೆ ಎಂದು ನ್ಯಾನ್ ಜಿಯಾಂಗ್ 2000ದಲ್ಲಿ ವಾದಿಸಿದರು. ಕೊಡುವ ಪದವೇ ಬರಿಗೈಯದಾದರೆ ಎರವಲು ಪಡೆಯುವುದಕ್ಕೆ ಏನೂ ಇರುವುದಿಲ್ಲ. ಅದೇ ವಿದ್ಯಾರ್ಥಿನಿಗೆ ಅಟ್ಟದ ಮಾತು ತೆಗೆದಾಗ ಕನ್ನಡ ತಾನಾಗಿ ಹರಿಯಿತು: ಕಾಯೊಳಗಿನ ನೀರು ಇಂಗುತ್ತದೆ, ಕೆರೆ ಬತ್ತುತ್ತದೆ, ಎಲೆ ಬಾಡುತ್ತದೆ, ಒಗೆದ ಬಟ್ಟೆ ಆರುತ್ತದೆ, ಗರಿ ಒಣಗುತ್ತದೆ. ತೇವ ಹೋಗುವ ಕ್ರಿಯೆಗೆ ಇಷ್ಟು ಭೇದಗಳನ್ನು ಬಲ್ಲ ಭಾಷಿಕಳಿಗೆ ‘ಶುಷ್ಕಗೊಳಿಸು’ ಎಂಬ ಒಂದೇ ಪದವನ್ನು ಕೊಡುವುದು ಅವಳಿಗಿರುವ ಜ್ಞಾನವನ್ನು ಕಡೆಗಣಿಸಿದಂತೆ. ‘ಇಂಗು’ ಎಂಬಲ್ಲಿ ‘ಡೆಸಿಕೇಟ್’ ಸಲ್ಲದು, ‘ಕೆಡದಂತೆ ತೇವವೆಲ್ಲ ಹೋಗುವ ಹಾಗೆ ಒಣಗಿಸು’ ಎಂಬಲ್ಲಿ ಸಲ್ಲುತ್ತದೆ ಎಂದರೆ ಅವಳಿಗೆ ಮರುವಿವರಣೆ ಬೇಕಿಲ್ಲ.

ಎರಡನೆಯ ದೋಷ ಪದಸಾಹಚರ್ಯದ್ದು. ‘ಮಿಟಿಗೇಟ್’ ಎಂಬುದಕ್ಕೆ ಪಟ್ಟಿಯಲ್ಲಿ ‘ತಗ್ಗಿಸು’ ಎಂದಿರುತ್ತದೆ. ಇದು ಸುಲಭ ಕನ್ನಡ, ತಪ್ಪೂ ಅಲ್ಲ. ಆದರೆ ಕನ್ನಡದಲ್ಲಿ ತಲೆ, ದನಿ, ಬೆಲೆ, ಖರ್ಚು ಇವೆಲ್ಲವನ್ನೂ ತಗ್ಗಿಸಬಹುದು. ‘ಮಿಟಿಗೇಟ್’ ಬಯಸುವುದು ಅಪಾಯ, ಹಾನಿ, ದುಷ್ಪರಿಣಾಮದಂಥ ಅನಿಷ್ಟ ಕರ್ಮಪದಗಳನ್ನು. ಪಟ್ಟಿಯನ್ನು ನಂಬಿದವನು ರೇಡಿಯೊದ ಸದ್ದನ್ನೂ ‘ಮಿಟಿಗೇಟ್’ ಮಾಡುತ್ತಾನೆ. ಸಿಂಕ್ಲೇರ್ ಗುರುತಿಸಿದ, ಲೋ 1993ರಲ್ಲಿ ಹೆಸರಿಟ್ಟು ವಿವರಿಸಿದ ಈ ಅರ್ಥಛಾಯೆಯ ಗುಣ ಇಂಗ್ಲಿಷಿನ ಸೊತ್ತಲ್ಲ. ಇಂದಿನ ಕನ್ನಡದಲ್ಲಿ ‘ಎಸಗು’ ಎಂಬುದು ದ್ರೋಹ, ಅಪಚಾರ, ಅಪರಾಧಗಳ ಸಂಗಡಿಗ. ‘ಉಪಕಾರ ಎಸಗಿದನು’ ಎಂದರೆ ಕಿವಿಗೆ ತೊಡಕು. ‘ಕಮಿಟ್’ ಎಂಬ ಪದದ ಒಂದು ಅರ್ಥಕ್ಕೆ ‘ಮಾಡು’ ಎನ್ನುವ ಬದಲು ‘ಎಸಗು’ ಎಂದು ಕೊಟ್ಟರೆ, ಯಾವ ವಿವರಣೆಯೂ ಇಲ್ಲದೆ ಅದರ ಸಾಹಚರ್ಯವೂ ಜೊತೆಗೆ ಬರುತ್ತದೆ. ‘ನೊಟೋರಿಯಸ್’ ಎಂಬುದಕ್ಕೆ ‘ಕುಖ್ಯಾತ’ ಹೊಂದುವುದೂ ಹೀಗೆಯೇ. ಇದಕ್ಕೆ ಪ್ರತಿಯಾಗಿ ‘ಯುಬಿಕ್ವಿಟಸ್’ ಎಂಬುದಕ್ಕೆ ಕೊಡುವ ‘ಸರ್ವವ್ಯಾಪಿ’ ದೇವರ ವಿಶೇಷಣ. ಎಲ್ಲಿ ನೋಡಿದರೂ ಕಾಣುವ ಮೊಬೈಲು ‘ಯುಬಿಕ್ವಿಟಸ್’ ಆಗಬಲ್ಲದು. ಅದನ್ನು ಸರ್ವವ್ಯಾಪಿಯೆಂದರೆ ಕನ್ನಡದಲ್ಲಿ ವ್ಯಂಗ್ಯವಾಗುತ್ತದೆ.

ಮೂರನೆಯದು, ಇಂಗ್ಲಿಷ್ ಪದ ಕನ್ನಡದೊಳಗೆ ಈಗಾಗಲೇ ನಡೆಸುತ್ತಿರುವ ಬಾಳನ್ನು ಪಟ್ಟಿಯು ಮರೆಯುವುದು. ‘ಮೆಚೂರ್’ ಎಂಬುದಕ್ಕೆ ಅರ್ಥ ‘ಪ್ರೌಢ’ ಎಂದಿದೆ. ವಿದ್ಯಾರ್ಥಿಗೆ ‘ಪ್ರೌಢ’ ಎಂದರೆ ಮೊದಲು ನೆನಪಾಗುವುದು ಪ್ರೌಢಶಾಲೆ. ಆಡುಮಾತಿನಲ್ಲಿಯಾದರೋ ‘ಮೆಚೂರ್ ಆಯ್ತು’ ಎಂದರೆ ವಿಮೆಯ ಅವಧಿ ಮುಗಿಯಿತು ಎಂದೋ ಹುಡುಗಿ ದೊಡ್ಡವಳಾದಳು ಎಂದೋ ಅರ್ಥ. ಆದ್ದರಿಂದಲೇ ‘ಮೆಚೂರ್ ಕೋಕೊನಟ್’ ಎಂಬ ಪ್ರಯೋಗ ಕೇಳಿ ಅಲ್ಲಿದ್ದವರೆಲ್ಲ ನಕ್ಕರು. ಅವರ ನಗೆ ಭಾಷಿಕವಾಗಿ ಸರಿಯಾದದ್ದೇ. ಅವರ ಕನ್ನಡದ ‘ಮೆಚೂರ್’ ತೆಂಗಿನಕಾಯಿಗೆ ಒಪ್ಪುವುದಿಲ್ಲ. ಬಲಬದಿಯಲ್ಲಿ ಇರಬೇಕಾಗಿದ್ದುದು ‘ಬಲಿತ’. ಕಾಯಿ ಬಲಿಯುತ್ತದೆ, ಮೂಳೆ ಬಲಿಯುತ್ತದೆ, ಬುದ್ಧಿಯೂ ಬಲಿಯುತ್ತದೆ. ಹಣ್ಣಿಗೂ ಮನಸ್ಸಿಗೂ ‘ಮಾಗು’ ಎಂಬ ಇನ್ನೊಂದು ಪದವಿದೆ. ಇಂಗ್ಲಿಷ್ ಪದದ ಭೌತಿಕ ಅರ್ಥದಿಂದ ಲಾಕ್ಷಣಿಕ ಅರ್ಥಕ್ಕೆ ಹೋಗುವ ದಾರಿಯನ್ನು ಈ ಎರಡು ಕನ್ನಡ ಧಾತುಗಳು ಮೊದಲೇ ನಡೆದಿವೆ. ವಿಮೆಯ ಅರ್ಥವೊಂದನ್ನು ಮಾತ್ರ ಬೇರೆಯಾಗಿ ಹೇಳಬೇಕಾಗುತ್ತದೆ.

ಇದಕ್ಕೆ ಎರಡು ಆಕ್ಷೇಪಗಳು ಏಳಬಹುದು. ‘ಶುಷ್ಕ’, ‘ಸುಪ್ತ’, ‘ಸಂದಿಗ್ಧ’ ಮುಂತಾದವೂ ಕನ್ನಡವೇ. ಪದವೀಧರನಾಗುವವನು ಅವನ್ನು ತಿಳಿಯಬಾರದೇ ಎಂಬುದು ಮೊದಲನೆಯದು. ತಿಳಿಯಬೇಕು, ನಿಜ. ಆದರೆ ಕನ್ನಡ ಓದಿನಲ್ಲಿ, ಅವುಗಳದೇ ಸಂದರ್ಭದಲ್ಲಿ ತಿಳಿಯಬೇಕು. ಒಂದು ಅಪರಿಚಿತವು ಇನ್ನೊಂದನ್ನು ಬೆಳಗಲಾರದು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು: ಪರೀಕ್ಷೆ ಕೇಳುವುದೇ ಸಮಾನಾರ್ಥಕ ಪದವನ್ನು, ಒಂದು ಪದಕ್ಕೆ ಒಂದು ಅರ್ಥ ಕಲಿತವನಿಗೆ ಅಂಕ ಬರುತ್ತದೆ. ಇದನ್ನು ಅಲ್ಲಗಳೆಯಲಾಗದು. ಪಟ್ಟಿಯನ್ನು ಮಾಡಿದವನು ಪ್ರಶ್ನೆಪತ್ರಿಕೆಯನ್ನು ಸರಿಯಾಗಿಯೇ ಓದಿದ್ದಾನೆ. ಹಾಗಾಗಿ ಈ ವಿಮರ್ಶೆ ಕೈಪಿಡಿಯ ಮೇಲೆ ಅರ್ಧವಾದರೆ, ಪದವನ್ನು ವಾಕ್ಯದಿಂದ ಕಿತ್ತು ಪರೀಕ್ಷಿಸುವ ನಮ್ಮಂಥ ಅಧ್ಯಾಪಕರ ಮೇಲೆ ಇನ್ನರ್ಧ. ಅಂಕ ಪಡೆದ ವಿದ್ಯಾರ್ಥಿ ಮುಂದೆ ಸಂಶೋಧನ ಲೇಖನವೊಂದನ್ನು ಓದಲಾರದೆ ಸೋತಾಗ, ತನ್ನ ಸೋಲಿಗೆ ಕನ್ನಡ ಮಾಧ್ಯಮವೇ ಕಾರಣವೆಂದು ನಂಬುತ್ತಾನೆ. ಅವನನ್ನು ಸೋಲಿಸಿದ್ದು ಅವನ ಕನ್ನಡವಲ್ಲ. ಅವನ ಕನ್ನಡವನ್ನು ಯಾರೂ ಕೇಳಿರಲೇ ಇಲ್ಲ.

ಉತ್ತಮ ಮಾದರಿಗಳು ನಮ್ಮಲ್ಲಿ ಇಲ್ಲದೆ ಇಲ್ಲ. ವಿಲಿಯಂ ರೀವ್ ಅವರ ಇಂಗ್ಲಿಷ್–ಕರ್ಣಾಟಕ ನಿಘಂಟು 1824ರಷ್ಟು ಹಿಂದಿನದು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಹೊರಬಂದದ್ದು 1946ರಲ್ಲಿ. ಪದದ ಬೇರೆ ಬೇರೆ ಅರ್ಥಗಳನ್ನು ಬೇರ್ಪಡಿಸಿ ಕೊಡುವ ಶಿಸ್ತು ನಿಘಂಟಿನದು. ಅವನ್ನು ಒಂದೇ ಸಾಲಿಗೆ ಇಳಿಸಿದ್ದು ಕೈಪಿಡಿ. ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ಜಿ. ವೆಂಕಟಸುಬ್ಬಯ್ಯನವರು ಪದದ ಅರ್ಥವನ್ನು ಬಳಕೆಯ ಸಮೇತ ಚರ್ಚಿಸುವ ಕ್ರಮವನ್ನು ಸಾಮಾನ್ಯ ಓದುಗರಿಗೂ ರೂಢಿಮಾಡಿಸಿದರು. ಇನ್ನು ಇದೇ ತೆಂಗಿನ ಸೀಮೆ ಎರಡೂ ಭಾಷೆಗಳಲ್ಲಿ ಬಲ್ಲಿದರಾದವರನ್ನು ಕಂಡಿದೆ. ‘ಇಂಗ್ಲಿಷ್ ಗೀತಗಳು’ ಕೊಟ್ಟ ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ತೀ.ನಂ.ಶ್ರೀ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಇಂಗ್ಲಿಷಿನ ಮೇಲಿನ ಪ್ರಭುತ್ವಕ್ಕಾಗಿ ಅವರು ಕನ್ನಡವನ್ನು ಬಿಟ್ಟುಕೊಡಬೇಕಾಗಲಿಲ್ಲ.

ಹಾಗಾದರೆ ಬಲಬದಿಯನ್ನು ಹೇಗೆ ಬರೆಯಬೇಕು? ಪ್ರತಿ ನಮೂದನ್ನೂ ಮೂರು ಪ್ರಶ್ನೆಗಳಿಗೆ ಒಡ್ಡಬಹುದು. ಕೊಟ್ಟ ಕನ್ನಡ ಪದ ಕಲಿಯುವವನ ಬಾಯಲ್ಲಿದೆಯೇ? ಅದು ತನ್ನೊಡನೆ ತರುವ ಸಂಗಡಿಗರು ಇಂಗ್ಲಿಷ್ ಪದಕ್ಕೂ ಒಪ್ಪುವರೇ? ಎಲ್ಲಿ ಎರಡೂ ಬೇರೆಯಾಗುತ್ತವೆಂದು ಒಂದು ಉದಾಹರಣೆಯಿಂದಾದರೂ ಹೇಳಲಾಗಿದೆಯೇ? ‘ಹೈಪಾಥೆಸಿಸ್’ನಂತಹ ಶಾಸ್ತ್ರಪದಗಳಿಗೆ ಮನೆಮಾತಿನಲ್ಲಿ ಸಿದ್ಧ ಪದ ಸಿಗದು, ಅಲ್ಲಿ ಒಂದು ವಾಕ್ಯದ ವಿವರಣೆ ಕೊಡುವುದೇ ಪ್ರಾಮಾಣಿಕತೆ. ಹೀಗೆ ಬರೆದರೆ ನೂರು ಪದ ಹಿಡಿಸುತ್ತಿದ್ದ ಪುಟದಲ್ಲಿ ಇಪ್ಪತ್ತು ಹಿಡಿಸಬಹುದು. ಆ ನಷ್ಟವನ್ನು ಒಪ್ಪಬೇಕು.

ಸಂಶೋಧನ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಕನ್ನಡ ಕ್ರಿಯಾಪದಗಳ ಸಾಹಚರ್ಯವನ್ನು ಪಠ್ಯಸಂಚಯಗಳಿಂದ ವಿವರಿಸುವ ಅಧ್ಯಯನಗಳು ಬಂದಷ್ಟೂ ಇಂಗ್ಲಿಷ್ ಕಲಿಕೆಯ ಪದಪಟ್ಟಿ ಸುಧಾರಿಸುತ್ತದೆ. ಆ ವಿದ್ಯಾರ್ಥಿನಿ ಕೊನೆಗೆ ತನ್ನ ನೋಟ್‌ಬುಕ್ಕಿನಲ್ಲಿ ‘ಶುಷ್ಕಗೊಳಿಸು’ ಎಂಬುದನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ ‘ಕಾಯಿಪುಡಿಗೆ ಒಣಗಿಸೋದು, ಅಟ್ಟದ ಕೊಬ್ಬರಿಗೆ ಅಲ್ಲ’ ಎಂದು ಬರೆದುಕೊಂಡಳು. ನಾನು ಕಂಡ ಆ ಪಟ್ಟಿಗಳಲ್ಲಿ ಅರ್ಥವೆಂದು ಕರೆಯಬಹುದಾದ ನಮೂದು ಅದೇ.