ಆರೋಗ್ಯ ಚೀಟಿಯಲ್ಲಿ ಜೀವ ಎಲ್ಲಿದೆ?

ಕೇಂದ್ರ ಸರ್ಕಾರ 2015ರಲ್ಲಿ ಆರಂಭಿಸಿದ ಮಣ್ಣು ಆರೋಗ್ಯ ಚೀಟಿಯನ್ನು ನೀವು ನೋಡಿರಬಹುದು. ಅದರಲ್ಲಿ 12 ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ವಿದ್ಯುತ್ ವಾಹಕತೆ, ಸಾವಯವ ಇಂಗಾಲ. ಗೊಬ್ಬರದ ಪ್ರಮಾಣ ನಿರ್ಧರಿಸಲು ಇವು ಉಪಯುಕ್ತ. ಆದರೆ ಇವುಗಳಲ್ಲಿ ಒಂದೂ ಮಣ್ಣಿನ ಜೀವಿಗಳನ್ನು ನೇರವಾಗಿ ಅಳೆಯುವುದಿಲ್ಲ. ಸಾವಯವ ಇಂಗಾಲವು ಆ ಜೀವಿಗಳ ಆಹಾರವನ್ನು ಸೂಚಿಸುತ್ತದೆಯೇ ಹೊರತು ಚಟುವಟಿಕೆಯನ್ನಲ್ಲ. ಆದ್ದರಿಂದ ಇದನ್ನು 'ಪೋಷಕಾಂಶ ಚೀಟಿ' ಎನ್ನುವುದೇ ಸರಿ.

ಹಾಗಾದರೆ ಮಣ್ಣಿನ ಉಸಿರಾಟವನ್ನು, ಅಂದರೆ ಹೊರಬರುವ ಇಂಗಾಲದ ಡೈಆಕ್ಸೈಡನ್ನು, ಅಳೆದು ಸೇರಿಸಿದರೆ ಸಾಕೆ? ಸಾಲದು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಉಸಿರಾಟ ಸಾಮಾನ್ಯವಾಗಿ ಇಮ್ಮಡಿ ಅಥವಾ ಇನ್ನೂ ಹೆಚ್ಚಾಗುತ್ತದೆ. ಒಣ ಮಣ್ಣಿಗೆ ನೀರು ಬಿದ್ದೊಡನೆ ಅದು ಥಟ್ಟನೆ ಏರಿ ಮತ್ತೆ ಇಳಿಯುತ್ತದೆ; ಇದೇ ಬರ್ಚ್ ಪರಿಣಾಮ. ಈ ಕ್ಷಣಿಕ ಏರಿಕೆಯನ್ನೇ ಫಲವತ್ತತೆ ಎಂದು ನಂಬಿದರೆ ನಷ್ಟ ರೈತನಿಗೆ. ಉಷ್ಣತೆ, ತೇವಾಂಶಗಳನ್ನು ನಮೂದಿಸದ ಅಳತೆಯು ಏಕಮಾನವಿಲ್ಲದ ಸಂಖ್ಯೆಯಂತೆ.

ಅಧ್ಯಾಪಕರೇ, ಎರಡು ಹೊಲಗಳ ಮಣ್ಣನ್ನು ಸಮ ತೂಕ, ಸಮ ತೇವ, ಒಂದೇ ಉಷ್ಣತೆಯಲ್ಲಿ ಮುಚ್ಚಿದ ಜಾಡಿಗಳಲ್ಲಿಡಿಸಿ. ಒಳಗಿಟ್ಟ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಹೀರಿದ ಅನಿಲವನ್ನು ಅನುಮಾಪನದಿಂದ ಹೋಲಿಸಿ. ಮಣ್ಣಿಲ್ಲದ ಜಾಡಿಯೊಂದೂ ಜೊತೆಗಿರಲಿ. ಚೀಟಿ ತಯಾರಿಸುವವರೂ ಇಷ್ಟು ಎಚ್ಚರ ವಹಿಸಿದರೆ ಅದಕ್ಕೆ ಸೇರುವ 13ನೆಯ ಸಾಲು ಅರ್ಥಪೂರ್ಣವಾದೀತು.