ಪಟ್ಟಿಯಲ್ಲಿ ಸಾಲಿಲ್ಲದವರು

ಕಂಪ್ಯೂಟರ್ ಆಟವೊಂದರ ಬಗ್ಗೆ ವಿಮರ್ಶೆ ಬರೆಯುವ ರೂಢಿ ನಮ್ಮ ಪತ್ರಿಕೆಗಳಲ್ಲಿ ಇಲ್ಲ. ಕಾದಂಬರಿಗೆ, ಸಿನಿಮಾಕ್ಕೆ, ಹೆಚ್ಚೆಂದರೆ ನಾಟಕ ಪ್ರಯೋಗವೊಂದಕ್ಕೆ ಪುಟಗಳನ್ನು ಕೊಡುತ್ತೇವೆ. ಆಟ ಎಂದ ಕೂಡಲೇ ಮಕ್ಕಳ ಕಣ್ಣು ಹಾಳಾಗುವ ಮಾತು ಬರುತ್ತದೆ. ನಾನೂ ಹಾಗೇ ಅಂದುಕೊಂಡಿದ್ದವನು. ಕಳೆದ ರಂಜಾನಿನಲ್ಲಿ ನಮ್ಮ ಮನೆಗೆ ಬಂದಿದ್ದ ತಂಗಿಯ ಮಗ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ, ಸಹರಿ ಮುಗಿದು ಫಜರ್ ಆದ ಮೇಲೂ ಮಲಗದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದ. ಏನೋ ಅದು ಅಂದೆ. "ಹಿಟ್ಲರ್‌ನನ್ನು ತಡೆದೆ ಮಾಮು, ಇದು ಮೂರನೇ ಸಲ" ಅಂದ.

ಆಟದ ಹೆಸರು 'ಸೋಶಿಯಲ್ ಡೆಮಾಕ್ರಸಿ: ಆನ್ ಆಲ್ಟರ್ನೇಟ್ ಹಿಸ್ಟರಿ'. ಆಟಮ್ ಚೆನ್ ಎಂಬವರು ರೂಪಿಸಿದ್ದು, 2024ರಲ್ಲಿ ಬಂದದ್ದು. ದುಡ್ಡು ಕೊಡಬೇಕಾಗಿಲ್ಲ. ಬಂದೂಕು, ಓಟ, ಹಾರಾಟ ಯಾವುದೂ ಇಲ್ಲ. ಬರೀ ಓದುವುದು, ಆಯ್ಕೆ ಮಾಡುವುದು. ನೀವು ಜರ್ಮನಿಯ ಸೋಶಿಯಲ್ ಡೆಮಾಕ್ರಟಿಕ್ ಪಕ್ಷವನ್ನು 1928ರಿಂದ 1933ರವರೆಗೆ ನಡೆಸಬೇಕು. ದೇಶವನ್ನಲ್ಲ, ಪಕ್ಷವನ್ನು. ಈ ವ್ಯತ್ಯಾಸ ಮುಖ್ಯ. 2004ರಲ್ಲಿ ಬಂದ 'ದಿ ಪೊಲಿಟಿಕಲ್ ಮೆಷಿನ್' ಎಂಬ ಅಮೆರಿಕದ ಆಟದಲ್ಲಿ ಅಧ್ಯಕ್ಷನ ಚುನಾವಣೆ ಗೆದ್ದರೆ ಆಟ ಮುಗಿಯಿತು. ಗೆದ್ದವನು ಆಮೇಲೆ ಏನು ಮಾಡಿದ ಎಂಬುದು ಆಟದ ಹೊರಗಿನ ವಿಚಾರ. ಇಲ್ಲಿ ಹಾಗಲ್ಲ. ಇಲ್ಲಿ ಚುನಾವಣೆ ಗೆದ್ದ ದಿನವೇ ಪಕ್ಷದ ಕಷ್ಟ ಶುರುವಾಗುತ್ತದೆ.

ತಿಂಗಳಿಗೆ ಒಂದು ಹೆಜ್ಜೆ. ಇಸ್ಪೀಟಿನ ಹಾಗೆ ಕೆಲವು ಎಲೆಗಳು ಕೈಗೆ ಬರುತ್ತವೆ, ಅವುಗಳಲ್ಲೊಂದನ್ನು ಇಳಿಸಬೇಕು. ಪಕ್ಷದ ಬೊಕ್ಕಸ ಯಾವಾಗಲೂ ತಳ ಕಾಣುತ್ತಿರುತ್ತದೆ. ಎಡಪಂಥದವರನ್ನು ಒಲಿಸಿದರೆ ಕಾರ್ಮಿಕ ಸಂಘದವರು ಮುನಿಯುತ್ತಾರೆ, ಇಬ್ಬರನ್ನೂ ಒಲಿಸಿದರೆ ಮೈತ್ರಿ ಸರ್ಕಾರದ ಪಾಲುದಾರರು ಎದ್ದು ಹೋಗುತ್ತಾರೆ. ಪರದೆಯ ಬದಿಯಲ್ಲಿ ಒಂದು ಪಟ್ಟಿ. ಕಾರ್ಮಿಕರು, ನಿರುದ್ಯೋಗಿಗಳು, ಹಳೆಯ ಮಧ್ಯಮವರ್ಗ, ಹೊಸ ಮಧ್ಯಮವರ್ಗ, ಹಳ್ಳಿಯವರು, ಕ್ಯಾಥೊಲಿಕರು. ಯಾರು ಯಾವ ಪಕ್ಷದ ಕಡೆ ಶೇಕಡಾ ಎಷ್ಟು ಎಂದು ಅದು ಹೇಳುತ್ತದೆ. ಈ ಪಟ್ಟಿಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಆಟವನ್ನು ಆಡಿದವರ ಅಭಿಪ್ರಾಯಗಳು ನನಗೆ ಆಟದಷ್ಟೇ ಕುತೂಹಲ ಹುಟ್ಟಿಸಿದವು. ಮೊದಲ ಸಲ ಎಲ್ಲರೂ ಸೋಲುತ್ತಾರೆ, ಸೋತು ಹೊಗಳುತ್ತಾರೆ. ನಾಲ್ಕೈದು ಸಲ ಆಡಿದ ಮೇಲೆ ಮಾತಿನ ಧಾಟಿ ಬದಲಾಗುತ್ತದೆ. ಗುಟ್ಟು ಗೊತ್ತಾದರೆ ಬಹಳ ಸುಲಭ ಎನ್ನತೊಡಗುತ್ತಾರೆ. ಆ ಗುಟ್ಟುಗಳಲ್ಲಿ ದೊಡ್ಡದು ಉದ್ಯೋಗ ಯೋಜನೆ. ವಾಯ್ಟಿನ್ಸ್ಕಿ, ಟಾರ್ನೋ, ಬಾಡೆ ಎಂಬ ಮೂವರು 1932ರ ಜನವರಿಯಲ್ಲಿ ಮುಂದಿಟ್ಟ ಯೋಜನೆ ಅದು. ಇನ್ನೂರು ಕೋಟಿ ಮಾರ್ಕ್ ಸಾಲ ಎತ್ತಿ ಹತ್ತು ಲಕ್ಷ ನಿರುದ್ಯೋಗಿಗಳಿಗೆ ಸಾರ್ವಜನಿಕ ಕಾಮಗಾರಿಗಳಲ್ಲಿ ಕೆಲಸ ಕೊಡಬೇಕು ಎಂಬುದು ಅದರ ಸಾರ. ಕಾರ್ಮಿಕ ಸಂಘಗಳು ಒಪ್ಪಿದವು. ಪಕ್ಷದ ಅರ್ಥಶಾಸ್ತ್ರಜ್ಞ ರುಡಾಲ್ಫ್ ಹಿಲ್ಫರ್ಡಿಂಗ್ ಒಪ್ಪಲಿಲ್ಲ. 1923ರಲ್ಲಿ ಒಂದು ರೊಟ್ಟಿಗೆ ಬುಟ್ಟಿ ತುಂಬ ನೋಟು ಕೊಟ್ಟಿದ್ದ ಜನ ಮತ್ತೊಂದು ಹಣದುಬ್ಬರವನ್ನು ತಾಳಲಾರರು ಎಂಬ ಭಯ ಅವನದು. ಆಟದಲ್ಲಿ ಪಳಗಿದವರು ಹಿಲ್ಫರ್ಡಿಂಗ್‌ನನ್ನು ಬೇಗ ಬದಿಗೆ ಸರಿಸಿ ಯೋಜನೆಗೆ ಒಪ್ಪಿಗೆ ಪಡೆಯುತ್ತಾರೆ. ಪಕ್ಷದ ಸ್ವಯಂಸೇವಕ ದಳವನ್ನು ಮೊದಲ ದಿನದಿಂದಲೇ ಕಟ್ಟುತ್ತಾರೆ. ಪ್ರಷ್ಯಾ ಪ್ರಾಂತದ ಪೊಲೀಸರನ್ನು ಕೈಯಲ್ಲಿಟ್ಟುಕೊಳ್ಳುತ್ತಾರೆ. ಗೆಲ್ಲುತ್ತಾರೆ. ಗೆದ್ದು, ಇಷ್ಟು ಸುಲಭದ್ದು ಅವರಿಗೆ ಹೊಳೆಯಲಿಲ್ಲವೇ, ಎಂಥ ದಡ್ಡರು ಎನ್ನುತ್ತಾರೆ.

ನನ್ನ ತಕರಾರು ಈ ಮಾತಿನ ಬಗ್ಗೆಯೇ. 1928ರ ಮೇ ತಿಂಗಳ ಚುನಾವಣೆಯಲ್ಲಿ ನಾಝಿ ಪಕ್ಷಕ್ಕೆ ಸಿಕ್ಕಿದ್ದು ಶೇ. 2.6 ಮತ, 12 ಸ್ಥಾನ. ಸೋಶಿಯಲ್ ಡೆಮಾಕ್ರಟರಿಗೆ 153. ತಿಂಗಳಿಗಿರುವ ಒಂದೇ ಹೆಜ್ಜೆಯನ್ನು ಶೇ. 2.6ರ ಪಕ್ಷವೊಂದನ್ನು ಎದುರಿಸಲು ಯಾರು ಖರ್ಚು ಮಾಡುತ್ತಾರೆ? ನನ್ನ ಅಳಿಯ ಮಾಡುತ್ತಾನೆ. ಅವನಿಗೆ 1930ರ ಸೆಪ್ಟೆಂಬರಿನಲ್ಲಿ ಆ 12 ಎಂಬುದು 107 ಆಗುತ್ತದೆಂದು ಗೊತ್ತು, 1932ರ ಜುಲೈನಲ್ಲಿ 230 ಎಂದೂ ಗೊತ್ತು. ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಓದಿಕೊಂಡು ಬಂದವನು ಮೊದಲ ಅಧ್ಯಾಯದಲ್ಲೇ ಕೊಲೆಗಾರನತ್ತ ಬೆರಳು ತೋರಿಸಿದ ಹಾಗೆ ಇದು. ಒಟ್ಟೊ ಬ್ರೌನ್, ಒಟ್ಟೊ ವೆಲ್ಸ್ ಮುಂತಾದ ನಾಯಕರ ಬಳಿ ಆ ಕೊನೆಯ ಪುಟ ಇರಲಿಲ್ಲ. ಆಟ ಎಷ್ಟೇ ಜಾಣತನದಿಂದ ಕಟ್ಟಿದ್ದರೂ ಆಡುವವನ ತಲೆಯಿಂದ ಈ ತಿಳಿವಳಿಕೆಯನ್ನು ಅಳಿಸಲಾರದು. ಅದು ಆಟದ ದೋಷವಲ್ಲ. ಆದರೆ ಆ ತಿಳಿವಳಿಕೆಯನ್ನು ತನ್ನ ಬುದ್ಧಿವಂತಿಕೆ ಎಂದುಕೊಳ್ಳುವುದು ಆಡುವವನ ದೋಷ.

ಇನ್ನೊಂದು ಬಗೆಯ ಆಕ್ಷೇಪ ಇದಕ್ಕೆ ತದ್ವಿರುದ್ಧವಾದದ್ದು. ಆಟ ಕೈಕಟ್ಟಿ ಹಾಕುತ್ತದೆ, ಬೇಕಾದ ಎಲೆ ಬೇಕಾದಾಗ ಬರುವುದಿಲ್ಲ, ನಮ್ಮ ಪಕ್ಷದವರೇ ನಮ್ಮ ಮಾತು ಕೇಳುವುದಿಲ್ಲ ಎಂದು. ನನಗಂತೂ ಆಟದ ಜೀವ ಇರುವುದೇ ಇಲ್ಲಿ ಅನಿಸಿತು. ಯುದ್ಧನೌಕೆಯ ಪ್ರಸಂಗವನ್ನೇ ನೋಡಿ. 1928ರ ಚುನಾವಣೆಯಲ್ಲಿ ಪಕ್ಷ ಮತ ಕೇಳಿದ್ದು ಯುದ್ಧನೌಕೆ ಬೇಡ, ಮಕ್ಕಳಿಗೆ ಊಟ ಬೇಕು ಎಂದು. ಗೆದ್ದು ಸರ್ಕಾರ ಮಾಡಿದ ಮೇಲೆ ಪಾಲುದಾರರ ಒತ್ತಡಕ್ಕೆ ಮಣಿದು ಸಚಿವ ಸಂಪುಟ ಆಗಸ್ಟಿನಲ್ಲಿ ಅದೇ ನೌಕೆಗೆ ಒಪ್ಪಿಗೆ ಕೊಟ್ಟಿತು. ಕಾರ್ಯಕರ್ತರು ಸಿಡಿದೆದ್ದರು. ನವೆಂಬರಿನಲ್ಲಿ ಚಾನ್ಸಲರ್ ಹೆರ್ಮನ್ ಮ್ಯುಲರ್ ಮತ್ತು ಅವನ ಪಕ್ಷದ ಸಚಿವರು ಸಂಸತ್ತಿನಲ್ಲಿ ತಮ್ಮದೇ ಸಂಪುಟದ ತೀರ್ಮಾನದ ವಿರುದ್ಧ ಮತ ಹಾಕಬೇಕಾಯಿತು. ಹಾಕಿಯೂ ಸೋತರು, ನೌಕೆ ಉಳಿಯಿತು. ಕಥೆಗಾರನಾಗಿ ಇಂಥ ಸನ್ನಿವೇಶವನ್ನು ಕಲ್ಪಿಸಿ ಬರೆದಿದ್ದರೆ ಸಂಪಾದಕರು ಅತಿಯಾಯಿತು ಎಂದು ವಾಪಸ್ಸು ಕಳಿಸುತ್ತಿದ್ದರು. ಆಟದಲ್ಲಿ ಈ ಎಲೆ ಬಂದಾಗ ನಾನು ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ಮಾತು ಉಳಿಸಿಕೊಂಡರೆ ಸರ್ಕಾರ ಹೋಗುತ್ತದೆ, ಸರ್ಕಾರ ಉಳಿಸಿಕೊಂಡರೆ ಮಾತು.

ಕಮ್ಯುನಿಸ್ಟರ ಜತೆಗಿನ ಸಂಬಂಧದ ಬಗ್ಗೆ ಆಡಿದವರ ನಡುವೆ ಜಗಳವೇ ಇದೆ. 1932ರ ನವೆಂಬರ್ ಚುನಾವಣೆಯಲ್ಲಿ ನಾಝಿಗಳಿಗೆ 196 ಸ್ಥಾನ. ಸೋಶಿಯಲ್ ಡೆಮಾಕ್ರಟರ 121 ಮತ್ತು ಕಮ್ಯುನಿಸ್ಟರ 100 ಕೂಡಿಸಿದರೆ 221. ಈ ಕೂಡುಲೆಕ್ಕ ಹಿಡಿದು ಒಂದು ಗುಂಪು, ಐಕ್ಯರಂಗವನ್ನು ಆಟ ಬೇಕೆಂದೇ ಇಷ್ಟು ಕಠಿಣ ಮಾಡಿದೆ ಎನ್ನುತ್ತದೆ. ಪ್ರತಿ ಚುನಾವಣೆಯ ಮರುದಿನ ಚಹಾದಂಗಡಿಯಲ್ಲಿ ಮತ ವಿಭಜನೆಯ ಲೆಕ್ಕ ಹಾಕುವ ನಮ್ಮವರಿಗೆ ಈ ಗುಂಪಿನ ಸಿಟ್ಟು ಚೆನ್ನಾಗಿಯೇ ಅರ್ಥವಾದೀತು. ಆದರೆ 1929ರ ಮೇ ದಿನದಂದು ಬರ್ಲಿನ್ನಿನ ಬೀದಿಗಳಲ್ಲಿ ಮೆರವಣಿಗೆಯ ನಿಷೇಧ ಮುರಿದ ಕಮ್ಯುನಿಸ್ಟರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆ ಪೊಲೀಸರ ಮುಖ್ಯಸ್ಥ ಸೋಶಿಯಲ್ ಡೆಮಾಕ್ರಟ್ ಪಕ್ಷದವನೇ. ಇತ್ತ ಕಮ್ಯುನಿಸ್ಟರೂ ಮಾಸ್ಕೋದ ಮಾತು ಕೇಳಿ ಈ ಪಕ್ಷವನ್ನೇ 'ಸಾಮಾಜಿಕ ಫ್ಯಾಸಿಸ್ಟ್' ಎಂದು ಕರೆದು ಮುಖ್ಯ ಶತ್ರುವಾಗಿ ಕಂಡರು. ಹೆಣಗಳನ್ನು ನಡುವೆ ಇಟ್ಟುಕೊಂಡು ಕೂಡುಲೆಕ್ಕ ಮಾಡುವುದು ಆಗುವ ಮಾತಲ್ಲ. ಈ ವಿಷಯದಲ್ಲಿ ನಾನು ಆಟದ ಪರ.

ನನ್ನ ಆಟದ ಕತೆ ಚಿಕ್ಕದು. ಎರಡು ಸಲ ಆಡಿದೆ, ಎರಡು ಸಲವೂ ಸೋತೆ. 1930ರ ನಂತರ ಬ್ರ್ಯೂನಿಂಗ್‌ನ ಸರ್ಕಾರವನ್ನು ಉರುಳಿಸಿದರೆ ಹಿಟ್ಲರ್ ಬರುತ್ತಾನೆಂದು ಹೆದರಿ, ಇತಿಹಾಸದಲ್ಲಿ ಪಕ್ಷ ಮಾಡಿದ ಹಾಗೆಯೇ ಅವನನ್ನು ಸಹಿಸಿಕೊಂಡೆ. ಅವನು ಸಂಬಳ ಕಡಿತ, ಭತ್ಯೆ ಕಡಿತ ಎಂದು ಒಂದರ ಮೇಲೊಂದು ಸುಗ್ರೀವಾಜ್ಞೆ ತಂದ. ನಿರುದ್ಯೋಗಿಗಳ ಸಾಲಿನಲ್ಲಿ ನಮ್ಮ ಶೇಕಡಾವಾರು ಕರಗುತ್ತ ಹೋಯಿತು. 1932ರ ಜುಲೈ 20 ಬಂತು. ಫಾನ್ ಪಾಪೆನ್ ಪ್ರಷ್ಯಾದ ಬ್ರೌನ್ ಸರ್ಕಾರವನ್ನು ಒಂದೇ ಏಟಿಗೆ ಕಿತ್ತುಹಾಕಿದ ದಿನ. ಮುಷ್ಕರವೋ, ನ್ಯಾಯಾಲಯವೋ ಎಂದು ಆಟ ಕೇಳಿತು. 1920ರಲ್ಲಿ ಸೇನಾ ದಂಗೆಯೊಂದನ್ನು ಸಾರ್ವತ್ರಿಕ ಮುಷ್ಕರವೇ ಮುರಿದಿತ್ತು, ಅದು ನೆನಪಿಗೆ ಬಂತು. ಆದರೆ ಗೇಟಿನ ಹೊರಗೆ 50 ಲಕ್ಷಕ್ಕೂ ಹೆಚ್ಚು ನಿರುದ್ಯೋಗಿಗಳು ಕಾದು ನಿಂತಿರುವಾಗ ಯಾವ ಕಾರ್ಮಿಕ ಕೆಲಸ ಬಿಟ್ಟು ಹೊರಬಂದಾನು? ಬಂದರೂ ಗುಂಡು ಯಾರ ಎದೆಗೆ? ನ್ಯಾಯಾಲಯವನ್ನು ಆರಿಸಿದೆ. ಪಕ್ಕದಲ್ಲಿ ಕೂತಿದ್ದ ಅಳಿಯ ತಲೆ ಚಚ್ಚಿಕೊಂಡು "ಅಲ್ಲೇ ತಪ್ಪಿದ್ದು ಮಾಮು, ಎಲ್ಲರೂ ಅಲ್ಲೇ ತಪ್ಪುತ್ತಾರೆ" ಅಂದ. ಬ್ರೌನನೂ ಅಲ್ಲೇ ತಪ್ಪಿದ. ಅವನನ್ನು ಪುಸ್ತಕಗಳಲ್ಲಿ ಓದಿದಾಗ ಹೇಡಿ ಅನಿಸಿತ್ತು. ಆ ರಾತ್ರಿ ಹಾಗೆ ಅನಿಸಲಿಲ್ಲ.

ಪ್ರೇಮಚಂದರ ಒಂದು ಕಥೆಯನ್ನು ನಾನು ಶಾಲೆಯಲ್ಲಿ ಉರ್ದುವಿನಲ್ಲಿ ಓದಿದ್ದೆ. ಲಖನೌ ಕಂಪನಿ ಸರ್ಕಾರದ ಕೈಗೆ ಹೋಗುತ್ತಿರುವಾಗ ಇಬ್ಬರು ಜಾಗೀರುದಾರರು ಶತ್ರಂಜ್ ಆಡುತ್ತ ಕೂತ ಕಥೆ. ಅವರು ಮನೆಯಲ್ಲಿ ಹೊತ್ತಿದ ಬೆಂಕಿಗೆ ಬೆನ್ನು ಮಾಡಿ ಹಲಗೆಯನ್ನು ನೋಡುತ್ತಿದ್ದರು. ಇಲ್ಲಿ ಬೆಂಕಿಯೇ ಹಲಗೆ. ಆದ್ದರಿಂದ ಈ ಆಟವಾಡುವ ಹುಡುಗರನ್ನು ಆ ಮಿರ್ಜಾ, ಮೀರ್‌ಗಳಿಗೆ ಹೋಲಿಸಿ ಬಯ್ಯಲು ನನಗೆ ಮನಸ್ಸಿಲ್ಲ. ಪಠ್ಯಪುಸ್ತಕದಲ್ಲಿ ಅರ್ಧ ಪುಟ ಸಿಗುವ ವೈಮಾರ್ ಗಣರಾಜ್ಯವನ್ನು ನನ್ನ ಅಳಿಯ ಇಸವಿ, ತಿಂಗಳು ಸಮೇತ ಹೇಳುತ್ತಾನೆ. ಯಾವ ಮೇಷ್ಟ್ರೂ ಅವನಿಗೆ ಇಷ್ಟನ್ನು ಕಲಿಸಿರಲಿಲ್ಲ.

ಈಗ ಆ ಪಟ್ಟಿಯ ವಿಷಯ. ಸೋತ ಮೇಲೆ ನಾನು ಅದನ್ನು ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದೆ. ಧರ್ಮದ ಹೆಸರಿನಲ್ಲಿರುವ ಸಾಲು ಒಂದೇ, ಕ್ಯಾಥೊಲಿಕರದು. ಅವರು ಜನಸಂಖ್ಯೆಯ ಮೂರನೇ ಒಂದು ಪಾಲು, ಅವರದೇ ಒಂದು ಪಕ್ಷವಿತ್ತು, ಅವರಿಲ್ಲದೆ ಸರ್ಕಾರ ರಚನೆ ಕಷ್ಟವಿತ್ತು. ಯಹೂದಿಗಳಿಗೆ ಸಾಲಿಲ್ಲ. ಅವರು ಶೇಕಡಾ ಒಂದಕ್ಕಿಂತ ಕಡಿಮೆ, ಸುಮಾರು ಐದು ಲಕ್ಷ ಜನ. ಚುನಾವಣೆಯ ಲೆಕ್ಕದಲ್ಲಿ ಅವರಿಂದ ಏನೂ ಏರುಪೇರಾಗುವುದಿಲ್ಲ. ಲೆಕ್ಕ ಸರಿಯಾಗಿಯೇ ಇದೆ. ಆಟದ ಮೇಲೆ ಪೂರ್ವಗ್ರಹದ ಆರೋಪ ಹೊರಿಸುವಷ್ಟು ಅವಿವೇಕ ನನಗಿಲ್ಲ. ಆದರೂ ನನ್ನ ಕಣ್ಣು ಆ ಇಲ್ಲದ ಸಾಲಿನ ಮೇಲೇ ನೆಟ್ಟಿತು.

ನಾವು ಸಾಲಿನಲ್ಲಿರುವವರು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಮುಸ್ಲಿಮರು ಶೇ. 12.9. ಚುನಾವಣೆ ಬಂದಾಗ ಟಿವಿಯಲ್ಲಿ ನಮ್ಮದೊಂದು ಬಣ್ಣದ ಕಂಬ ಏಳುತ್ತದೆ, ಯಾರ ಕಡೆ ವಾಲುತ್ತದೆಂದು ನಾಲ್ಕು ಜನ ಚರ್ಚೆ ಮಾಡುತ್ತಾರೆ. ನಮ್ಮನ್ನು ಮನುಷ್ಯರೆಂದು ಕಾಣದೆ ಮತಬ್ಯಾಂಕ್ ಎಂದು ಕಾಣುತ್ತಾರಲ್ಲ ಎಂದು ನಾನು ಇಪ್ಪತ್ತು ವರ್ಷ ಬರೆದಿದ್ದೇನೆ, ಭಾಷಣ ಮಾಡಿದ್ದೇನೆ. ಲೆಕ್ಕಕ್ಕೇ ಸಿಗದಷ್ಟು ಕಡಿಮೆ ಇದ್ದವರ ಗತಿಯನ್ನು ಮಾತ್ರ ಯೋಚಿಸಿರಲಿಲ್ಲ. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ಆ ಚುನಾವಣೆಗಳಲ್ಲಿ ಗಳಿಸಲು ಏನೋ ಇತ್ತು, ಕಳೆಯಲು ಏನೋ ಇತ್ತು. ಎಲ್ಲವನ್ನೂ ಕಳೆದುಕೊಳ್ಳಲಿದ್ದವರ ಹೆಸರು ಅದರಲ್ಲಿಲ್ಲ.

ಒಬ್ಬನ ಹೆಸರು ಮಾತ್ರ ಬೇರೆ ದಾರಿಯಿಂದ ಆಟದೊಳಗೆ ಬಂದಿದೆ. ಉದ್ಯೋಗ ಯೋಜನೆಗೆ ಅಡ್ಡ ನಿಂತನೆಂದು ಆಡುವವರೆಲ್ಲ ಶಪಿಸುವ ಹಿಲ್ಫರ್ಡಿಂಗ್ ವಿಯೆನ್ನಾದ ಯಹೂದಿ ಕುಟುಂಬದವನು. 1933ರಲ್ಲಿ ದೇಶ ಬಿಟ್ಟ. 1941ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ಗೆಸ್ಟಪೋ ಕೈದಿಯಾಗಿ ಸತ್ತ. ಯೋಜನೆ ಬರೆದ ವಾಯ್ಟಿನ್ಸ್ಕಿಯೂ ಯಹೂದಿಯೇ, ಅವನು ಅಮೆರಿಕ ಸೇರಿ ಬದುಕಿದ. ಬಜೆಟ್ಟಿನ ಬಗ್ಗೆ ವಾದ ಮಾಡುತ್ತಿದ್ದ ಆ ಇಬ್ಬರಲ್ಲಿ ಯಾರು ಸರಿ ಎಂಬ ಪ್ರಶ್ನೆಗೆ ಇಂದಿನ ಆಟಗಾರರಲ್ಲಿ ಉತ್ತರವಿದೆ. ಇಬ್ಬರನ್ನೂ ಓಡಿಸಿದವರಿಗೆ ಅವರ ವಾದ ಬೇಕಾಗಿರಲಿಲ್ಲ.

1933ರ ಮಾರ್ಚ್ 23ರಂದು ಹಿಟ್ಲರ್‌ಗೆ ಸರ್ವಾಧಿಕಾರ ಕೊಡುವ ಮಸೂದೆ ಬಂದಾಗ 444 ಮತ ಪರ, 94 ವಿರುದ್ಧ. ಆ 94 ಮತಗಳೂ ಈ ಪಕ್ಷದವು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೇ ಬಿಟ್ಟಿರಲಿಲ್ಲ. ಹೊರಗೆ ಮತ್ತು ಒಳಗೆ ಕಂದು ಅಂಗಿಯವರು ನಿಂತಿರುವಾಗ ಒಟ್ಟೊ ವೆಲ್ಸ್ ಎದ್ದು ಮಾತಾಡಿದ. ಗೆಲುವಿನ ಗುಟ್ಟು ಕಲಿತವರ ಆಟ ಈ ದಿನದವರೆಗೆ ಬರುವುದೇ ಇಲ್ಲ, ಅವರು ಮೊದಲೇ ಗೆದ್ದಿರುತ್ತಾರೆ. ಸೋಲುವ ನನ್ನಂಥವರಿಗೆ ಮಾತ್ರ ಸಿಗುವ ಪುಟ ಅದು.

ಈದ್ ಮುಗಿಸಿ ಹೊರಡುವ ಹಿಂದಿನ ದಿನ ಅಳಿಯನಿಗೆ ಪಟ್ಟಿಯ ಮಾತು ಹೇಳಿದೆ. ಅವನು ಸ್ವಲ್ಪ ಹೊತ್ತು ಪರದೆ ನೋಡಿದ. "ಇದರ ಕೋಡ್ ಎಲ್ಲರಿಗೂ ಸಿಗುತ್ತದೆ ಮಾಮು, ಎಷ್ಟೋ ಜನ ತಿದ್ದಿ ಬೇರೆ ಆಟ ಮಾಡಿಕೊಂಡಿದ್ದಾರೆ. ಒಂದು ಸಾಲು ಸೇರಿಸಬಹುದು. ಆದರೆ ಶೇಕಡಾ ಒಂದೂ ಇಲ್ಲ ಅಂದರೆ ಫಲಿತಾಂಶ ಬದಲಾಗಲ್ಲ" ಅಂದ. ಬದಲಾಗದಿದ್ದರೂ ಪರವಾಗಿಲ್ಲ, ಸೇರಿಸು ಅಂದೆ. ಸರಿ ಎಂದು ಬೆರಳನ್ನು ಕೀಲಿಮಣೆಯ ಮೇಲಿಟ್ಟು ಕೇಳಿದ, "ಅವರು ಯಾರಿಗೆ ವೋಟು ಹಾಕುತ್ತಿದ್ದರು?"

ಮೊದಲು ಬಹಳ ಮಂದಿ ಉದಾರವಾದಿಗಳ ಡೆಮಾಕ್ರಟಿಕ್ ಪಕ್ಷಕ್ಕೆ ಅಂದೆ. ಆ ಪಕ್ಷ ಸವೆದುಹೋದ ಮೇಲೆ ಹೆಚ್ಚಿನವರಿಗೆ ಉಳಿದಿದ್ದು ನೀನು ನಡೆಸುತ್ತಿರುವ ಪಕ್ಷವೇ.