ಗೋಡೆಯ ಮೇಲಿನ ಸೌತೆಬೀಜ

ಯುಗಾದಿ ಕಳೆಯುತ್ತಿದ್ದಂತೆ ಅಮ್ಮಮ್ಮನ ಕಣ್ಣು ಕೊಟ್ಟಿಗೆಯ ಗೋಡೆಗೆ ಹೋಗುತ್ತಿತ್ತು. ಅಲ್ಲಿ ಅಂಗೈಯಗಲದ ಸಗಣಿ ಬೆರಣಿ ಅಂಟಿಕೊಂಡು ಒಣಗಿರುತ್ತಿತ್ತು; ಅದರೊಳಗೆ ಹೋದ ವರ್ಷದ ಮುಳ್ಳುಸೌತೆಯ ಬೀಜ. ಹುಳು ಹಿಡಿಯದಿರಲೆಂದು ಬೂದಿಯಲ್ಲಿ ಹೊರಳಿಸಿ, ಸಗಣಿಗೆ ಒತ್ತಿ, ಗೋಡೆಗೆ ತಟ್ಟಿದ್ದು. ಈಗ ಆ ಕೆಲಸ ಅಮ್ಮನದು. ಮೊರದ ಮೇಲೆ ಬೆರಣಿ ಮುರಿದರೆ ಬೀಜ ಒಂದೊಂದಾಗಿ ಉದುರುತ್ತದೆ: ಬಿಳಿ, ಚಪ್ಪಟೆ, ತುದಿ ಚೂಪು. ಹಿಡಿಯಷ್ಟು ತೆಗೆದುಕೊಂಡರೂ ಕೈಗೆ ಭಾರವೇ ತಿಳಿಯುವುದಿಲ್ಲ.

ಪಂಚಾಂಗದಲ್ಲಿ ವಸಂತ ಚೈತ್ರಕ್ಕೇ ಬರುತ್ತದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಹಿತ್ತಿಲುಗಳಿಗೆ ಅದು ಬರುವುದು ಏಪ್ರಿಲ್ ಕೊನೆಗೆ, ಭರಣಿ ಮಳೆಯ ಜತೆ. ಒಂದು ಸಂಜೆ ಗುಡುಗಿ ಅರ್ಧ ಗಂಟೆ ಸುರಿದರೆ ಸಾಕು, ಮಾರನೇ ಬೆಳಿಗ್ಗೆ ಮನೆಮನೆಯ ಹಿಂದೆ ಗುದ್ದಲಿಯ ಸದ್ದು ಕೇಳುತ್ತದೆ.

ಅದಕ್ಕೆ ಮೊದಲೇ ಸುಡುಮಣ್ಣು ಆಗಿರಬೇಕು. ಸೊಪ್ಪಿನಬೆಟ್ಟದಿಂದ ಗುಡಿಸಿ ತಂದ ದರಗು ಹಾಸಿ, ಮೇಲೆ ಮಣ್ಣು, ಮತ್ತೆ ದರಗು, ಮತ್ತೆ ಮಣ್ಣು. ಸಂಜೆ ಬೆಂಕಿ ಕೊಟ್ಟರೆ ರಾತ್ರಿಯಿಡೀ ಒಳಗೊಳಗೇ ಬೇಯುತ್ತದೆ. ಬೆಳಿಗ್ಗೆ ಕೈ ಹಾಕಿದರೆ ಜರಡಿ ಹಿಡಿದ ಹಾಗೆ ಹುಡಿಹುಡಿ, ಇನ್ನೂ ಬೆಚ್ಚಗೆ. ಮಳೆಯಲ್ಲಿ ಸಾರ ತೊಳೆದುಹೋದ ನಮ್ಮ ಕೆಂಪು ಮಣ್ಣು ಹುಳಿ ಗುಣದ್ದು. ದರಗಿನ ಬೂದಿ ಆ ಹುಳಿಯನ್ನು ತಗ್ಗಿಸಿ ಗಿಡಕ್ಕೆ ಪೊಟ್ಯಾಷ್ ಒದಗಿಸುತ್ತದೆ. ಆದರೆ ನನಗೆ ಸುಡುಮಣ್ಣಿನ ದೊಡ್ಡ ಸುಖ ಅದರ ವಾಸನೆ. ಮೊದಲ ಹನಿ ಬಿದ್ದಾಗ ಏಳುವ ಆ ಘಮ ಹುರಿದ ಹೆಸರುಬೇಳೆಗೆ ಬಲು ಹತ್ತಿರ. ಮೂಗಿಗಿಂತ ಮೊದಲು ನಾಲಿಗೆಗೇ ತಿಳಿಯುತ್ತದೆ.

ಏರಿಗೆ ನಾಲ್ಕೈದು ಬೀಜ, ಬೆರಳಿನ ಮೊದಲ ಗೆಣ್ಣಿನಷ್ಟು ಆಳ. ನಾಲ್ಕನೇ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ನೋಡಬೇಕು. ಮಣ್ಣಿನ ಹೆಕ್ಕಳ ಕೂದಲೆಳೆಯಷ್ಟು ಬಿರಿದಿರುತ್ತದೆ. ಸಂದಿಯಲ್ಲಿ ಒಂದು ಬಾಗಿದ ಕುತ್ತಿಗೆ, ತಿಳಿಹಸಿರು, ತಲೆ ಇನ್ನೂ ನೆಲದೊಳಗೇ. ಕಾಫಿ ಕುಡಿದು ಬರುವಷ್ಟರಲ್ಲಿ ತಲೆ ಹೊರಗೆ ಬಂದಿರುತ್ತದೆ, ಬೀಜದ ಸಿಪ್ಪೆ ಟೊಪ್ಪಿಯ ಹಾಗೆ ಅದರ ಮೇಲೇ ಕೂತಿರುತ್ತದೆ. ಒಳಗಿನ ಜೋಡಿ ಎಲೆ ಬಿಚ್ಚಿಕೊಳ್ಳಲು ಸೆಣಸುತ್ತಿರುವಾಗ ಸಿಪ್ಪೆ ಕಿತ್ತು ಸಹಾಯ ಮಾಡೋಣವೆಂದು ಕೈ ಮುಂದಾಗುತ್ತದೆ. ಮಾಡಬಾರದು, ಎಲೆಯೇ ಹರಿದು ಬರುತ್ತದೆ. ಬಿಸಿಲೇರುವ ಹೊತ್ತಿಗೆ ಟೊಪ್ಪಿ ತಾನೇ ಕಳಚಿ ಬೀಳುತ್ತದೆ. ಹಿತ್ತಿಲಿನಲ್ಲಿ ಇದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ.

ಇಷ್ಟು ಅವಸರ ಯಾಕೆಂದರೆ ಮುಂದೆ ಆರಿದ್ರಾ ಮಳೆ ಇದೆ. ತೀರ್ಥಹಳ್ಳಿ ತಾಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಜೋಗದಲ್ಲಿ 253 ಮೀಟರ್ ಎತ್ತರದಿಂದ ಶರಾವತಿ ಮೈದುಂಬಿ ಧುಮುಕುವ ಆ ದಿನಗಳಲ್ಲಿ ಎಳೆ ಸಸಿ ನೆಲದ ಮೇಲೇ ಇದ್ದರೆ ಕೊಳೆತುಹೋಯಿತು ಎಂದೇ ಲೆಕ್ಕ. ಅಷ್ಟರೊಳಗೆ ಬಳ್ಳಿ ಅಡಿಕೆ ದಬ್ಬೆಯ ಚಪ್ಪರ ಹತ್ತಿರಬೇಕು. ಹೀರೆ, ಪಡುವಲ, ಹಾಗಲಕ್ಕೂ ಇದೇ ಲೆಕ್ಕಾಚಾರ. ಮರಕೆಸುವಿಗೆ ಮಾತ್ರ ಯಾರ ಕೈಯೂ ಬೇಡ. ಮಳೆ ಹಿಡಿದರೆ ಹಲಸಿನ ಮರದ ಪಾಚಿಯಲ್ಲಿ ತಾನೇ ಚಿಗುರಿ ಪತ್ರೊಡೆಗೆ ಎಲೆ ಕೊಡುತ್ತದೆ.

ಬಿತ್ತುವ ವಾರದಲ್ಲಿ ದಣಪೆ ದಾಟಿ ಬರುವವರೆಲ್ಲ ಬೀಜದ ಮಾತನ್ನೇ ತರುತ್ತಾರೆ. "ಹಾಲುಬೆಂಡೆ ಬೀಜ ಇದ್ಯಾ ಅತ್ತಿಗೆ?" ಎಂದು ಕೇಳಿದವರ ಸೆರಗಿನ ತುದಿಗೆ ಹತ್ತು ಬೀಜ ಗಂಟು ಬೀಳುತ್ತದೆ, ಅವರ ಗಂಟಿನಿಂದ ನಮಗೆ ಸೂಜಿಮೆಣಸು. ಹೀಗೆ ಕೊಟ್ಟಿಟ್ಟರೆ ನಮ್ಮಲ್ಲಿ ಬೆಂಡೆ ಸತ್ತ ವರ್ಷ ಅವರ ಮನೆಯಲ್ಲಿ ಬೀಜ ಉಳಿದಿರುತ್ತದೆ. ಪಕ್ಕದ ಶಿರಸಿಯಲ್ಲಿ 2001ರಲ್ಲಿ ಶುರುವಾದ 'ವನಸ್ತ್ರೀ' ಈ ಹಿತ್ತಿಲ ಬೀಜಗಳನ್ನೇ ಉಳಿಸಿಕೊಂಡು, ಹೆಂಗಸರ ಕೈಯಿಂದ ಕೈಗೆ ದಾಟಿಸುತ್ತ ಬಂದಿದೆ. ಪೇಟೆಯ ಪೊಟ್ಟಣದ ಬೀಜ ನಾನೂ ತಂದು ಹಾಕಿದ್ದೇನೆ. ಕಾಯಿ ಬಿಡುತ್ತದೆ, ಆದರೆ ಈ ಜಡಿಮಳೆಗೆ ಬಗ್ಗುವ ಅಭ್ಯಾಸ ಅದಕ್ಕಿಲ್ಲ.

ಪುಷ್ಯ ಮಳೆಯ ಹೊತ್ತಿಗೆ ಮೊದಲ ಸೌತೆ. ಮೈಮೇಲೆ ಬೆರಳಿಗೆ ಚುಚ್ಚುವ ಸಣ್ಣ ಮುಳ್ಳು, ಬುಡದಲ್ಲಿ ಬಾಡಿದ ಹಳದಿ ಹೂ. ಅಮ್ಮ ಮೆಟ್ಟುಗತ್ತಿಯಲ್ಲಿ ತೊಟ್ಟಿನ ತುದಿ ಕೊಯ್ದು, ಅದರಿಂದಲೇ ಬಿಳಿ ನೊರೆ ಬರುವ ತನಕ ಉಜ್ಜುತ್ತಾಳೆ. ಕಹಿ ಕೂತಿರುವುದು ತೊಟ್ಟಿನ ಕಡೆಗೇ. ಒಂದು ಹೋಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾಳೆ. ನಾವು ಕಡುಬಿಗೆ ಕೊಯ್ದ ಅರಿಶಿನ ಎಲೆ ಹಿಡಿದು ಕಾಯುತ್ತೇವೆ.

"ಕಹಿ ಇಲ್ಲ. ಈ ಬಳ್ಳಿದೇ ಒಂದು ಕಾಯಿ ಬೀಜಕ್ಕೆ ಬಿಡು ಕೂಸೇ," ಎನ್ನುತ್ತಾಳೆ.